ಬೆಳೆದದ್ದು ಲಾಭವೋ, ಋಣವೋ?

ಹುಟ್ಟೂರನ್ನು ಬಿಟ್ಟು ಉದ್ಯೋಗನಿಮಿತ್ತವಾಗಿ ಈ ಮಹಾನಗರದ ಉಪನಗರಗಳಲ್ಲಿ ನೆಲೆನಿಂತ ನಮ್ಮ ಕುಟುಂಬಗಳಿಗೆ ಮಕ್ಕಳ ವಿದ್ಯೆಯೇ ದೊಡ್ಡ ಆಸ್ತಿ. ಹೊಲ, ಮನೆಗಳನ್ನು ಊರಿನಲ್ಲಿ ದಾಯಾದಿಗಳಿಗೆ ಒಪ್ಪಿಸಿ ಬಂದವರು ನಾವು. ಆದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆಗಳಲ್ಲಿ ಉತ್ತಮ ಅಂಕ ಪಡೆದ ಬಾಲಕ ಬಾಲಕಿಯರನ್ನು ಕರೆದು, ಫಲ ಮಂತ್ರಾಕ್ಷತೆ ಕೊಟ್ಟು ಗೌರವಿಸುವ ಪದ್ಧತಿಯು ನಮ್ಮಲ್ಲಿ ಶ್ರದ್ಧೆಯಿಂದ ನಡೆದುಬಂದಿದೆ. ಮಹಾಮಾರಿಯ ಕಾರಣದಿಂದ ನಿಂತುಹೋಗಿದ್ದ ಅಂತಹ ಒಂದು ಸಮಾರಂಭವು 2022ರಲ್ಲಿ ಡೊಂಬಿವಲಿಯಲ್ಲಿ ಪುನಃ ಜರುಗಿದಾಗ ನಾವೂ ಅಲ್ಲಿದ್ದೆವು. ಅಂದು ಕೇಳಿದ ಒಂದು ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಓದುಗ ಬಂಧುಗಳ ಮುಂದಿಟ್ಟು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಪುರಸ್ಕೃತರಾದ ಮಕ್ಕಳಿಗೆಲ್ಲ ಸಂಚಾಲಕರು ಒಂದೇ ಪ್ರಶ್ನೆಯನ್ನು ಕೇಳಿದರು: “ಕರೋನಾ ವರ್ಷದಿಂದ ನೀವು ಏನು ಕಲಿತಿರಿ? ಎಷ್ಟು ಬೆಳೆದಿರಿ?” ಪ್ರಶ್ನೆಯು ಸದುದ್ದೇಶದ್ದೇ. ಒಬ್ಬನು ಯೋಗಾಸನ ಕಲಿತೆನೆಂದನು. ಇನ್ನೊಬ್ಬಳು ಅಜ್ಜಿಯಿಂದ ಸ್ತೋತ್ರಗಳನ್ನು ಬಾಯಿಪಾಠ ಮಾಡಿದೆನೆಂದಳು. ಮತ್ತೊಬ್ಬನು ಸಮಯದ ಬೆಲೆ ತಿಳಿಯಿತೆಂದನು. ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ಶಹಾಡಿನ ಒಬ್ಬ ಹುಡುಗಿಯ ಸರದಿ ಬಂದಿತು. ಆಕೆ 2020ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಬರೆದು ಸರಕಾರಿ ಕಾಲೇಜಿನಲ್ಲಿ ಸ್ಥಾನ ಪಡೆದವಳು. ಧ್ವನಿವರ್ಧಕದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ನಾ ಬೆಳೆದದ್ದು ಖರೆ. ಆದರ ಅದನ್ನ ಇಲ್ಲಿ ನಿಂತು ಹೇಳ್ಲಿಕ್ಕೆ ನನಗ ಮನಸ್ಸು ಬರವಲ್ದು. ಕ್ಷಮಾ ಮಾಡ್ರಿ” ಎಂದು ಕೆಳಗಿಳಿದಳು. ಚಪ್ಪಾಳೆ ಏಳಲಿಲ್ಲ. ಕೆಲವರು ಹುಡುಗಿಗೆ ಸಭಾಕಂಪವೆಂದು ತಿಳಿದರು. ಕೆಲವರಿಗೆ ಅದು ಉದ್ಧಟತನವೆಂದು ತೋರಿತು.

ಊಟದ ಪಂಕ್ತಿ ಮುಗಿದ ಮೇಲೆ ನಾವಾಗಿಯೇ ಆಕೆಯನ್ನು ಮಾತನಾಡಿಸಿದೆವು. ಆಕೆ ಹೇಳಿದ ಸಂಗತಿಯನ್ನು, ಹೆಸರುಗಳನ್ನು ಬಿಟ್ಟು, ಇಲ್ಲಿ ನಿರೂಪಿಸುತ್ತೇವೆ.

ಶಹಾಡ್ ಎಂದರೆ ಕಲ್ಯಾಣದಿಂದ ಕಸಾರೆಯ ಕಡೆಗೆ ಹೋಗುವ ಮಾರ್ಗದಲ್ಲಿ ಮೊದಲನೆಯ ನಿಲ್ದಾಣ. ಉಲ್ಹಾಸ ನದಿಯ ಸಮೀಪದ ಈ ಊರನ್ನು ಜನರು ರೇಯಾನ್ ಕಾರ್ಖಾನೆಯಿಂದಲೂ ಬಿರ್ಲಾ ಮಂದಿರವೆಂದು ಪ್ರಸಿದ್ಧವಾದ ವಿಠ್ಠಲನ ಗುಡಿಯಿಂದಲೂ ಗುರುತಿಸುತ್ತಾರೆ. ಈ ಹುಡುಗಿಯ ಮನೆಯ ಗೋಡೆಗೆ ತಾಗಿದ ಮನೆಯಲ್ಲಿ ಒಬ್ಬ ಮರಾಠಿ ವೃದ್ಧ ದಂಪತಿಗಳಿದ್ದರು. ಮಗ ದೂರದೇಶದಲ್ಲಿ. ಹುಡುಗಿಯು ಚಿಕ್ಕಂದಿನಿಂದಲೂ ಅವರನ್ನು ಆಜೋಬಾ, ಆಜಿ ಎಂದೇ ಕರೆದು ಬೆಳೆದವಳು. ಆಜೋಬಾ ಪ್ರತಿ ಏಕಾದಶಿಗೂ ವಿಠ್ಠಲನ ಗುಡಿಗೆ ನಡೆದು ಹೋಗುತ್ತಿದ್ದರು, ಬರುವಾಗ ಈಕೆಗೆ ಪ್ರಸಾದ ತರುತ್ತಿದ್ದರು.

2020ರಲ್ಲಿ ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯ ಪರೀಕ್ಷೆಗಳು ಫೆಬ್ರವರಿ 18ಕ್ಕೆ ಆರಂಭವಾಗಿ ಮಾರ್ಚ್ 18ಕ್ಕೆ ಮುಗಿದವು. ಅನಂತರ ಕೆಲವೇ ದಿನಗಳಲ್ಲಿ ಲೋಕಲ್ ಗಾಡಿಗಳು ನಿಂತವು, ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯು ಮೇ 3ಕ್ಕೆ ಗೊತ್ತಾಗಿತ್ತು. ಅದನ್ನು ಜುಲೈ 26ಕ್ಕೆ ಮುಂದೂಡಿದರು. ಹುಡುಗಿಯ ಸಿದ್ಧತೆ ಭೌತಶಾಸ್ತ್ರದಲ್ಲಿ ತೀರ ಹಿಂದೆ ಬಿದ್ದಿತ್ತು. ತಂದೆಗೆ ಅರ್ಧ ಸಂಬಳ. ಕ್ಲಾಸಿನ ಕಟ್ಟಡಕ್ಕೆ ಬೀಗ. ಒಂದೇ ಮೊಬೈಲಿನಲ್ಲಿ ಪಾಠ ಕೇಳಬೇಕು, ಅದೂ ತಮ್ಮನ ಶಾಲೆಯ ಪಾಠ ಮುಗಿದ ನಂತರ. ಇಷ್ಟಾದರೂ ಆಕೆ ಹಟದಿಂದ ಓದಿದಳು.

ಜುಲೈ 1ರಂದು ಆಷಾಢ ಏಕಾದಶಿ. ವಿಠ್ಠಲನ ಗುಡಿಗೆ ಬೀಗವಿತ್ತು. ಆಜೋಬಾ ಅಂದು ಮನೆಯಲ್ಲಿಯೇ ಕುಳಿತು ಅಭಂಗ ಹಾಡಿದರು, ನಡುನಡುವೆ ಕೆಮ್ಮಿದರು. ಮರುದಿನದಿಂದ ಕಲ್ಯಾಣ ಡೊಂಬಿವಲಿಯಲ್ಲಿ ಮತ್ತೆ ಪೂರ್ಣ ಲಾಕ್‌ಡೌನ್. ಗೋಡೆಯಾಚೆಯ ಕೆಮ್ಮು ಹೆಚ್ಚಾಯಿತು. ಓದಿಗೆ ಅಡ್ಡಿಯಾಗುತ್ತದೆಂದು ಹುಡುಗಿಯು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಜುಲೈ 3ರ ಸಂಜೆ ಸುದ್ದಿ ಬಂದಿತು: ಪರೀಕ್ಷೆಯು ಪುನಃ ಮುಂದೆ ಹೋಗಿದೆ, ಸೆಪ್ಟೆಂಬರ್ 13ಕ್ಕೆ. ಆಕೆಗೆ ಹಿಡಿಸಲಾರದ ಸಂತೋಷ. ಅದೇ ರಾತ್ರಿ ಆಂಬುಲೆನ್ಸ್ ಬಂದು ಆಜೋಬಾರನ್ನು ಕರೆದೊಯ್ಯಿತು. ಅವರು ಹಿಂದಿರುಗಲಿಲ್ಲ. ಮಗನು ಬರಲಾಗಲಿಲ್ಲ. ಆಜಿಗೆ ಮುಖದರ್ಶನವೂ ಆಗಲಿಲ್ಲ.

ಮೇ 3ರಿಂದ ಸೆಪ್ಟೆಂಬರ್ 13ರ ವರೆಗೆ ನಾಲ್ಕು ತಿಂಗಳು ಹತ್ತು ದಿನ. ಆ ಅವಧಿಯಲ್ಲಿ ಹುಡುಗಿಯು ಹಿಂದೆ ಬಿದ್ದಿದ್ದ ಭಾಗವನ್ನೆಲ್ಲ ಓದಿ ಮುಗಿಸಿದಳು. ಪರೀಕ್ಷೆಯ ದಿನ ಸಾಮಾನ್ಯರಿಗೆ ಮುಚ್ಚಿದ್ದ ಲೋಕಲ್ ಗಾಡಿಯಲ್ಲಿ ಪ್ರವೇಶಪತ್ರ ತೋರಿಸಿ ಪ್ರಯಾಣಿಸಿ, ಮಾಸ್ಕ್ ಧರಿಸಿ 180 ಪ್ರಶ್ನೆಗಳಿಗೆ ಉತ್ತರ ಬರೆದಳು. ಅಕ್ಟೋಬರ್ 16ರಂದು ಫಲಿತಾಂಶ ಬಂದಾಗ ಆಕೆ ಗೆದ್ದಿದ್ದಳು. ಇದನ್ನೆಲ್ಲ ಹೇಳಿ ಮುಗಿಸಿ ಆಕೆ ನಮ್ಮನ್ನು ಕೇಳಿದಳು: “ಕಾಕಾ, ಪರೀಕ್ಷಾ ಮೇ ತಿಂಗಳದಾಗ ಆಗಿದ್ರ ನನಗ ಸೀಟು ಸಿಗ್ತಿರಲಿಲ್ಲ. ಆ ನಾಲ್ಕು ತಿಂಗಳ ನನಗ ಎಲ್ಲಿಂದ ಬಂದ್ವು ಅಂತ ಹೇಳ್ಲಿ? ಜನಾ ಸಾಯ್ಲಿಕ್ಕತ್ತಿದ್ರು ಅಂತ ಬಂದ್ವು. ಅದನ್ನ ನನ್ನ ಬೆಳವಣಿಗಿ ಅಂತ ಹ್ಯಾಂಗ ಹೇಳ್ಲಿ?”

ನಮಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಅವರ ಆಯುಷ್ಯ ಅಷ್ಟೇ ಇತ್ತವ್ವಾ. ದೇವರು ನಿನಗ ಒಳ್ಳೇದು ಮಾಡ್ಯಾನ, ಅಷ್ಟು ತಿಳಕೋ” ಎಂದು ಸಮಾಧಾನ ಹೇಳಿದರು. ಹುಡುಗಿ ವಿನಯದಿಂದ ತಲೆಯಾಡಿಸಿದಳು. ಆದರೆ ಆಕೆಯ ಕಣ್ಣಿನಲ್ಲಿ ಸಮಾಧಾನ ಕಾಣಲಿಲ್ಲ. ಆಕೆಗೇಕೆ ಸಮಾಧಾನವಾಗಲಿಲ್ಲ ಎಂಬುದನ್ನು ಯೋಚಿಸುತ್ತ ಹೋದಾಗ ಪ್ರಶ್ನೆಯ ಆಳ ನಮಗೆ ತಿಳಿಯತೊಡಗಿತು.

ಮೊದಲನೆಯದಾಗಿ, ಆಕೆ ತಪ್ಪು ಮಾಡಿದ್ದಾಳೆಯೇ? ಇಲ್ಲ. ಪರೀಕ್ಷೆಯನ್ನು ಮುಂದೂಡಿದವಳು ಆಕೆಯಲ್ಲ, ರೋಗವನ್ನು ತಂದವಳೂ ಅಲ್ಲ. ಹದಿನೆಂಟರ ಹರೆಯದವಳು ಪರೀಕ್ಷೆ ಮುಂದೆ ಹೋದಾಗ ಹಿಗ್ಗಿದ್ದು ಪಾಪವಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡದ್ದು ಮಾತ್ರ ಆಕೆಗೆ ಚುಚ್ಚುತ್ತದೆ. ಚುಚ್ಚಲಿ, ಅದು ಆರೋಗ್ಯವಂತ ಅಂತಃಕರಣದ ಲಕ್ಷಣ. ಅಂದು ಬಾಗಿಲು ತಟ್ಟಿ ವಿಚಾರಿಸಬಾರದೆಂಬ ನಿರ್ಬಂಧ ಇಡೀ ಊರಿಗೇ ಇತ್ತೆಂಬುದನ್ನೂ ಮರೆಯಬಾರದು. ಆದ್ದರಿಂದ ಇದು ಅಪರಾಧದ ಪ್ರಶ್ನೆಯಲ್ಲ.

ಎರಡನೆಯದಾಗಿ, ಆಕೆಯ ಬೆಳವಣಿಗೆ ಸುಳ್ಳೇ? ಅದೂ ಅಲ್ಲ. ಒಂದು ಕೋಣೆಯ ಮನೆಯಲ್ಲಿ, ಒಂದು ಮೊಬೈಲಿನಲ್ಲಿ, ಮನಸ್ಸನ್ನು ನಿಗ್ರಹಿಸಿ ಓದಿದ್ದು ಸಾಧನೆಯೇ ಸರಿ. ಆ ವರ್ಷ ನೀಟ್ ಪರೀಕ್ಷೆಗೆ ಹೆಸರು ಕೊಟ್ಟವರು ಸುಮಾರು 16 ಲಕ್ಷ, ಬರೆದವರು 13 ಲಕ್ಷ 66 ಸಾವಿರ. ಅವಧಿ ಎಲ್ಲರಿಗೂ ಒಂದೇ ಆಗಿತ್ತಾದರೂ ಅದರ ಫಲ ಒಂದೇ ಆಗಿರಲಿಲ್ಲ. ಮನೆಯ ದುಡಿಮೆ ನಿಂತವರಿಗೆ, ಸಂಪರ್ಕವಿಲ್ಲದ ಹಳ್ಳಿಯಲ್ಲಿದ್ದವರಿಗೆ, ತಂದೆತಾಯಿಗಳನ್ನೇ ಕಳೆದುಕೊಂಡವರಿಗೆ ಅದೇ ನಾಲ್ಕು ತಿಂಗಳು ಶಾಪವಾಯಿತು. ಸ್ವತಃ ರೋಗಪೀಡಿತರಾಗಿ ಸೆಪ್ಟೆಂಬರಿನಲ್ಲಿ ಬರೆಯಲಾರದವರಿಗಾಗಿ ಅಕ್ಟೋಬರ್ 14ರಂದು ಬೇರೆಯಾಗಿ ಪರೀಕ್ಷೆ ನಡೆಸಬೇಕಾಯಿತು. ಒಬ್ಬರಿಗೆ ವರವಾದದ್ದು ಇನ್ನೊಬ್ಬರಿಗೆ ಶಾಪವಾದಲ್ಲಿ, ವರ ಪಡೆದವನು ಅದನ್ನು ಕೇವಲ ತನ್ನ ಪುರುಷಪ್ರಯತ್ನವೆಂದು ಹೇಳಿಕೊಳ್ಳುವುದು ಅರ್ಧಸತ್ಯವಾಗುತ್ತದೆ.

ಆ ವರ್ಷ ಅನೇಕ ಹಿರಿಯರು ಮಕ್ಕಳಿಗೆ ನ್ಯೂಟನ್‌ನ ದೃಷ್ಟಾಂತವನ್ನು ಕೊಡುತ್ತಿದ್ದರು. 1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗು ಹಬ್ಬಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಮುಚ್ಚಿದಾಗ ಆತನು ತನ್ನ ಹಳ್ಳಿಗೆ ಹೋಗಿ ಗಣಿತದಲ್ಲಿಯೂ ಬೆಳಕಿನ ವಿಷಯದಲ್ಲಿಯೂ ಮಹತ್ತಾದ ಚಿಂತನೆ ನಡೆಸಿದನೆಂಬುದು ಪ್ರಸಿದ್ಧವೇ. ಆದರೆ ಅದೇ ಪ್ಲೇಗಿನಲ್ಲಿ ಲಂಡನ್ ನಗರವೊಂದರಲ್ಲಿಯೇ ಸುಮಾರು ಒಂದು ಲಕ್ಷ ಜನ ಮಡಿದರೆಂದು ಅಂದಾಜಿದೆ. ದೃಷ್ಟಾಂತ ಕೊಡುವಾಗ ನಾವು ಮೊದಲನೆಯದನ್ನು ಹೇಳುತ್ತೇವೆ, ಎರಡನೆಯದನ್ನು ಬಿಡುತ್ತೇವೆ. ಈ ಹುಡುಗಿಯು ಎರಡನೆಯದನ್ನು ಬಿಡಲು ಒಪ್ಪಲಿಲ್ಲ. ಆಕೆಯ ಮೌನದ ಅರ್ಥ ಇಷ್ಟೇ.

ಇನ್ನು, “ದೇವರು ನಿನಗೆ ಒಳ್ಳೆಯದು ಮಾಡಿದನು” ಎಂಬ ಸಮಾಧಾನದ ಮಾತು. ಭಗವಂತನ ಸಂಕಲ್ಪವಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಪಕ್ಕದ ಮನೆಯವರ ಮರಣವು ನನ್ನ ಸೀಟಿಗಾಗಿಯೇ ಸಂಭವಿಸಿತೆಂಬಂತೆ ಮಾತನಾಡುವುದು ಭಕ್ತಿಯಲ್ಲ, ಸ್ವಾರ್ಥದ ಇನ್ನೊಂದು ರೂಪ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಪಂಚಭೇದಗಳು ಸತ್ಯ. ಜೀವ ಜೀವರಲ್ಲಿಯ ಭೇದವೂ ಅವುಗಳಲ್ಲೊಂದು. ಇದನ್ನು ನಾವು ಕೇವಲ ವಾದದ ವಿಷಯವೆಂದು ತಿಳಿದು ಬಾಯಿಪಾಠ ಮಾಡಿ ಮುಗಿಸುತ್ತೇವೆ. ಅದರಲ್ಲಿ ನಡೆನುಡಿಗೆ ಸಂಬಂಧಿಸಿದ ಒಂದು ತಾತ್ಪರ್ಯವೂ ಇದೆಯೆಂದು ನಮಗೆ ತೋರುತ್ತದೆ. ಜಗತ್ತು ಸತ್ಯವಾದುದರಿಂದ ದುಃಖವೂ ಸತ್ಯ. ಜೀವರು ಭಿನ್ನರಾದುದರಿಂದ ಆ ವೃದ್ಧರ ದುಃಖ ಅವರದೇ, ಅವರ ಜೀವನ ಅವರ ಸಾಧನೆಗೆ ಒದಗಿದ್ದು. ಅವರು ನನ್ನ ಪಾಠಕ್ಕಾಗಿ ಬಂದ ಉದಾಹರಣೆಯಲ್ಲ. ಪರರ ನೋವನ್ನು ನನ್ನ ಕಥೆಯ ಒಂದು ಅಧ್ಯಾಯವಾಗಿ ಮಾಡಿಕೊಂಡಾಗ ಆ ಜೀವದ ಪ್ರತ್ಯೇಕವಾದ ಬೆಲೆಯನ್ನು ನಾನು ಅಲ್ಲಗಳೆದಂತೆ ಆಗುತ್ತದೆ.

ಹಾಗಾದರೆ ಪರರ ನೋವಿನ ಕಾಲದಲ್ಲಿ, ಕೆಲವೊಮ್ಮೆ ಅದರ ಮೂಲಕವೇ, ನಮಗೆ ಬಂದ ಬೆಳವಣಿಗೆಯನ್ನು ಏನೆಂದು ಕರೆಯಬೇಕು? ವೈದ್ಯವಿದ್ಯೆಯಲ್ಲಿ ಈ ಪ್ರಶ್ನೆ ಒಂದು ವರ್ಷದ್ದಲ್ಲ, ನಿತ್ಯದ್ದು. ವೈದ್ಯನಾದವನು ಕಲಿಯುವುದೆಲ್ಲವೂ ಬೇರೆಯವರ ದೇಹದಿಂದ, ಬೇರೆಯವರ ಸಂಕಟದಿಂದ. 2021ರಲ್ಲಿ ಈ ಹುಡುಗಿಯ ಕಾಲೇಜು ಆರಂಭವಾದಾಗ ಮೊದಲ ಪಾಠಗಳು ಮೊಬೈಲಿನಲ್ಲಿಯೇ ನಡೆದವು. ಮುಂದೆ ಅಂಗರಚನಾಶಾಸ್ತ್ರದ ಶಾಲೆಯನ್ನು ಪ್ರವೇಶಿಸಿದ ದಿನ, ದಾನವಾಗಿ ಬಂದ ಶರೀರದ ಮುಂದೆ ಎಲ್ಲರೂ ನಿಂತು ಪ್ರಮಾಣ ಸ್ವೀಕರಿಸಿದರಂತೆ. ಆ ಶರೀರವನ್ನು ತಮ್ಮ ಮೊದಲ ಗುರುವೆಂದು ಗೌರವಿಸುವ ಪದ್ಧತಿಯು ಇಂದು ನಮ್ಮ ದೇಶದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿದೆ. “ಅವತ್ತ ನನಗ ಆಜೋಬಾ ನೆನಪಾದ್ರು” ಎಂದಳು ಹುಡುಗಿ. ಆ ಪ್ರಮಾಣದಲ್ಲಿಯೇ ನಮ್ಮ ಪ್ರಶ್ನೆಗೂ ಉತ್ತರವಿದೆ. ಶವಶಾಲೆಯಿಂದ ಹೊರಬರುವ ವಿದ್ಯಾರ್ಥಿ, ಈ ಮನುಷ್ಯ ಸತ್ತುದರಿಂದ ನನಗೆ ಲಾಭವಾಯಿತೆಂದು ಹೇಳುವುದಿಲ್ಲ. ನಾನು ಈತನಿಗೆ ಋಣಿ ಎನ್ನುತ್ತಾನೆ.

ಲಾಭಕ್ಕೂ ಋಣಕ್ಕೂ ಭೇದ ಬಹಳ. ಲಾಭವನ್ನು ಎಣಿಸಿ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕ ಮುಗಿಯಿತು. ಋಣವಾದರೋ ಅಲ್ಲಿಂದಲೇ ಲೆಕ್ಕ ಆರಂಭ. ಲಾಭ ಪಡೆದವನು ಸಭೆಯಲ್ಲಿ ಹೇಳಿಕೊಳ್ಳಬಹುದು. ಋಣ ಪಡೆದವನು ಹೇಳಿಕೊಳ್ಳುವುದಕ್ಕಿಂತ ತೀರಿಸುವುದಕ್ಕೆ ತವಕಪಡುತ್ತಾನೆ. ಋಣಿಯಾದವನು ಅಪರಾಧಿಯೂ ಅಲ್ಲ. ತಾಯಿಯ ಹಾಲು ಕುಡಿದ ಮಗು ಋಣಿ, ಅಪರಾಧಿಯಲ್ಲ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿದ್ದಾರೆ. ಶತಪಥ ಬ್ರಾಹ್ಮಣವು ಅವುಗಳ ಜೊತೆಗೆ ಮನುಷ್ಯರ ಋಣವನ್ನೂ ಎಣಿಸಿದೆ. ಪರವೂರಿನಲ್ಲಿ, ಪರಭಾಷೆಯ ನೆರೆಯವರ ನಡುವೆ ಬಾಳುವ ನಮಗೆ ಈ ನಾಲ್ಕನೆಯ ಋಣ ಎಷ್ಟು ದೊಡ್ಡದೆಂಬುದು ಆ ವರ್ಷವೇ ಚೆನ್ನಾಗಿ ತಿಳಿಯಬೇಕಾಗಿತ್ತು.

ಸತ್ತವರ ಋಣವನ್ನು ಅವರಿಗೇ ತೀರಿಸುವುದು ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಿಲ್ಲ. ಆದ್ದರಿಂದಲೇ ಅದು ಮುಂದಕ್ಕೆ ಹರಿಯಬೇಕು. ಇದಕ್ಕೆ ನಿದರ್ಶನ ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ. ಶಹಾಡಿನ ನೆರೆಯ ಕಲ್ಯಾಣದಲ್ಲಿಯೇ ಬಾಲ್ಯವನ್ನು ಕಳೆದ ಆನಂದಿಬಾಯಿ ಜೋಶಿಯವರಿದ್ದಾರೆ. 1865ರಲ್ಲಿ ಜನಿಸಿದ ಅವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ವಿವಾಹವಾಯಿತು. ಹದಿನಾಲ್ಕರ ಹರೆಯದಲ್ಲಿ ಹೆತ್ತ ಗಂಡುಮಗು ಯೋಗ್ಯ ಚಿಕಿತ್ಸೆಯಿಲ್ಲದೆ ಹತ್ತು ದಿನಗಳಲ್ಲಿ ತೀರಿಕೊಂಡಿತು. ಆ ದುಃಖವೇ ಅವರನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತು. 1883ರಲ್ಲಿ ಕಡಲು ದಾಟಿ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದಿ 1886ರ ಮಾರ್ಚ್ 11ರಂದು ಪದವಿ ಪಡೆದರು. ಓದುವಾಗಲೇ ಆರೋಗ್ಯ ಕೆಟ್ಟಿತ್ತು. ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ನೇಮಕವಾಗಿದ್ದರೂ, ಸ್ವದೇಶಕ್ಕೆ ಮರಳಿದ ಕೆಲವೇ ತಿಂಗಳುಗಳಲ್ಲಿ, 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು.

ಲಾಭದ ಲೆಕ್ಕದಲ್ಲಿ ನೋಡಿದರೆ ಈ ಬಾಳು ನಷ್ಟವೇ. ಮಗು ಉಳಿಯಲಿಲ್ಲ, ವೈದ್ಯವೃತ್ತಿ ನಡೆಯಲಿಲ್ಲ, ಆಯುಷ್ಯವೂ ಉಳಿಯಲಿಲ್ಲ. ಋಣದ ಲೆಕ್ಕದಲ್ಲಿ ನೋಡಿದರೆ ಹಾಗಲ್ಲ. ಹತ್ತು ದಿನದ ಒಂದು ಕೂಸಿಗೆ ತಾನು ಕೊಡಲಾಗದೆ ಹೋದುದನ್ನು ಬೇರೆ ತಾಯಂದಿರ ಕೂಸುಗಳಿಗೆ ಕೊಡಬೇಕೆಂದು ಹೊರಟ ಜೀವವದು. ಮಗುವಿನ ಮರಣವನ್ನು ಅವರು ತಮ್ಮ ಬೆಳವಣಿಗೆಯ ಮೆಟ್ಟಿಲಾಗಿ ಎಣಿಸಿದ್ದರೆ ಪದವಿಯ ದಿನವೇ ಕಥೆ ಮುಗಿಯುತ್ತಿತ್ತು. ಅದು ಋಣವಾದುದರಿಂದ ಇಂದಿಗೂ ಹರಿಯುತ್ತಿದೆ. ಆ ಕಲ್ಯಾಣದ ನಿಲ್ದಾಣದಲ್ಲಿ ಗಾಡಿ ಹತ್ತಿ ವೈದ್ಯಕೀಯ ಓದಲು ಹೋಗುವ ಹೆಣ್ಣುಮಕ್ಕಳೆಲ್ಲ ಅದರಲ್ಲಿ ಪಾಲುದಾರರು.

ಎರಡನೆಯ ಅಲೆಯ ಕಾಲಕ್ಕೆ, 2021ರಲ್ಲಿ, ಭಾರತೀಯ ವೈದ್ಯಕೀಯ ಸಂಘದ ಲೆಕ್ಕದಂತೆ ಏಳುನೂರಕ್ಕೂ ಹೆಚ್ಚು ವೈದ್ಯರು ಪ್ರಾಣ ತೆತ್ತರು. ಆ ವರ್ಷ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನೂ ಮುಂದೂಡಲಾಯಿತು. ಕಾರಣ, ಪರೀಕ್ಷೆ ಬರೆಯಬೇಕಾದ ಯುವ ವೈದ್ಯರು ರೋಗಿಗಳ ಬಳಿ ಬೇಕಾಗಿದ್ದರು. ಒಂದು ಮುಂದೂಡಿಕೆ ನಮ್ಮ ಹುಡುಗಿಗೆ ಓದುವ ಸಮಯವನ್ನು ಕೊಟ್ಟಿತು, ಇನ್ನೊಂದು ಆಕೆಯ ಹಿರಿಯ ಸಹಾಧ್ಯಾಯಿಗಳ ಓದುವ ಸಮಯವನ್ನು ಸೇವೆಗಾಗಿ ತೆಗೆದುಕೊಂಡಿತು. ಪಡೆದ ಸಮಯವನ್ನು ಹಿಂದಿರುಗಿಸುವ ಬಗೆ ಯಾವುದೆಂಬುದು ಆಕೆಗೆ ಅಲ್ಲಿಯೇ ಕಂಡಿತಂತೆ.

ಜನರ ಶುಶ್ರೂಷೆಯು ಶ್ರೀಹರಿಗೆ ಸಲ್ಲಬೇಕಾದ ಕರವೆಂಬ ಭಾವನೆ ನಮ್ಮ ಆಚಾರ್ಯಪರಂಪರೆಯಲ್ಲಿದೆ. ಕರ ಸಲ್ಲಿಸಿದವನು ಉಪಕಾರ ಮಾಡಿದೆನೆಂದು ಬೀಗುವುದಿಲ್ಲ, ಸಲ್ಲಿಸದವನು ತಪ್ಪಿತಸ್ಥನಾಗುತ್ತಾನೆ. ಮಹಾಮಾರಿಯ ವರ್ಷದಲ್ಲಿ ಉಳಿದುಕೊಂಡವರು, ಬೆಳೆದವರು, ಗೆದ್ದವರು, ನಾವೆಲ್ಲರೂ ಈ ಕರಕ್ಕೆ ಬಾಧ್ಯರು. ಅದು ಕೇವಲ ವೈದ್ಯರ ಪಾಲಿನದಲ್ಲ.

ಸಮಾರಂಭವಾದ ಕೆಲವು ತಿಂಗಳ ಮೇಲೆ ಕಾರ್ಯನಿಮಿತ್ತ ಶಹಾಡಿಗೆ ಹೋದಾಗ ಆ ಮನೆಗೆ ಭೇಟಿಯಿತ್ತೆವು. ಹುಡುಗಿ ರಜೆಗೆ ಬಂದಿದ್ದಳು, ಆದರೆ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಲ್ಲಿದ್ದಾಳೆಂದು ಅವಳ ತಾಯಿ ಹೇಳಿದರು. ರಜೆಗೆ ಬಂದಾಗಲೆಲ್ಲ ಆಜಿಯ ರಕ್ತದೊತ್ತಡ ನೋಡಿ, ವಾರದ ಗುಳಿಗೆಗಳನ್ನು ಡಬ್ಬಿಯಲ್ಲಿ ವಾರಕ್ಕೆ ತಕ್ಕಂತೆ ಹೊಂದಿಸಿ ಇಟ್ಟು ಬರುತ್ತಾಳಂತೆ. ಏಕಾದಶಿ ಬಂದರೆ ಆಜಿಯ ಕೈಹಿಡಿದು ವಿಠ್ಠಲನ ಗುಡಿಗೆ ಕರೆದುಕೊಂಡು ಹೋಗುತ್ತಾಳಂತೆ. ಅಂದು ಸಭೆಯಲ್ಲಿ ಆಕೆ ಇದನ್ನು ಹೇಳಬಹುದಾಗಿತ್ತು, ಚಪ್ಪಾಳೆಯೂ ಬೀಳುತ್ತಿತ್ತು. ಹೇಳಲಿಲ್ಲ.

ನಾವು ಕುಳಿತಿದ್ದಾಗ ಗೋಡೆಯಾಚೆಯಿಂದ ಮಾತು ಕೇಳಿಬರುತ್ತಿತ್ತು. ವೃದ್ಧೆ ಏನೋ ನೆನಪಿನ ಕಥೆ ಹೇಳುತ್ತಿದ್ದರು, ಹುಡುಗಿ ಹೂಂಗುಟ್ಟುತ್ತಿದ್ದಳು. ಅವಳ ಇಯರ್‌ಫೋನ್ ಈಚೆ ಮೇಜಿನ ಮೇಲಿತ್ತು.

ಬಂಧುಗಳೇ, ಮುಂದಿನ ಸಲ ನಮ್ಮ ಮಕ್ಕಳನ್ನು ವೇದಿಕೆಗೆ ಕರೆದಾಗ ಏನು ಕಲಿತೆ, ಎಷ್ಟು ಬೆಳೆದೆ ಎಂದಷ್ಟೇ ಕೇಳಿ ಬಿಡದಿರೋಣ. ಯಾರ ಋಣದಿಂದ ಬೆಳೆದೆ ಎಂದೂ ಕೇಳೋಣ. ಉತ್ತರ ತಡವಾದರೆ ಕಾಯೋಣ. ಮೊದಲು ನಮ್ಮನ್ನೇ ಹಾಗೆ ಕೇಳಿಕೊಳ್ಳುವ ಬುದ್ಧಿಯನ್ನು ಆ ಸರ್ವಾಂತರ್ಯಾಮಿಯು ನಮಗೆ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.